ಸಮಿತಿಗೆ ಕೊಟ್ಟ ಚಹಾ

ನರಿನ್,
ಏಪ್ರಿಲ್ ೧೧, ೨೦೧೯

ಪ್ರೀತಿಯ ಅನಾರಕಾನ್ ಅಕ್ಕನಿಗೆ,

ನಿಮ್ಮ ಝೂರಾಳ ಸಲಾಮು. ಮಂಡಿನೋವು ಹೇಗಿದೆ? ಮಗಳು, ಮೊಮ್ಮಕ್ಕಳು ಕ್ಷೇಮವೇ? ಹಬ್ಬಕ್ಕೆ ನೀವು ಬರೆದ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡಿ. ಕಣಿವೆಯ ದಾರಿ ಹಿಮದಿಂದ ಮುಚ್ಚಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ನಿಮ್ಮ ಅಳಿಯ ಅದೇ ದಾರಿಯಲ್ಲಿ ವಾರಕ್ಕೆರಡು ಸಲ ಟ್ಯಾಕ್ಸಿ ಓಡಿಸುತ್ತಾನೆ, ಸಿಕ್ಕಿಬೀಳುತ್ತೇನೆ. ನಿಜ ಹೇಳುತ್ತೇನೆ, ಪೆನ್ನು ಹಿಡಿದರೆ ಬೈಗುಳವೇ ಬರುವಷ್ಟು ಸಿಟ್ಟಿತ್ತು. ಈಗಲೂ ಇದೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ನಾನು ಕೂಗಿ ಹೇಳಿದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ.

ವಿಷಯ ನಮ್ಮ ಕೆಂಜೆಯದು. ಅವಳನ್ನು ಅಂಗವಿಕಲರ ಸಂಸ್ಥೆಗೆ ವಾಪಸ್ ಕಳಿಸಬೇಕೆಂದು ಸರ್ಕಾರದ ಸಮಿತಿಯವರು ಬರೆದಿದ್ದಾರೆ. ಹೌದು ಅಕ್ಕ, ಅದೇ ಸಂಸ್ಥೆಗೆ, ನಲವತ್ತು ಮಂಚಗಳ ಅದೇ ಹಜಾರಕ್ಕೆ. ನಾಲ್ಕು ವರ್ಷದ ಹಿಂದೆ ನೀವೇ ಸಹಿ ಹಾಕಿ, ನಿಮ್ಮ ಮೈಮೇಲಿನ ಕೋಟು ಬಿಚ್ಚಿ ಅವಳಿಗೆ ಹೊದೆಸಿ ಕರೆತಂದಿರಲ್ಲ, ಅಲ್ಲಿಗೆ! ಏಪ್ರಿಲ್ ಮೂವತ್ತರೊಳಗೆ ಮನೆ ಖಾಲಿ ಮಾಡಬೇಕಂತೆ. ನ್ಯಾಯಾಲಯಕ್ಕೆ ಆಕ್ಷೇಪಣೆ ಹಾಕಿದ್ದೇವೆ. ಇಪ್ಪತ್ನಾಲ್ಕಕ್ಕೆ ವಿಚಾರಣೆ.

ನೀವು ಈ ಕೆಲಸ ನನಗೆ ಬಿಟ್ಟು ನಿವೃತ್ತಿಯಾಗಿ ಬಿಷ್ಕೆಕ್‌ಗೆ ಹೋದ ಮೇಲಿನ ಕೆಂಜೆಯನ್ನು ನೀವು ನೋಡಿಲ್ಲ. ಈಗ ಮೂವತ್ತೊಂದು ವರ್ಷದ ಹೆಂಗಸು. ಬಲಗೈ ಮೊದಲಿನಂತೆಯೇ, ಹೇಳಿದ ಮಾತು ಕೇಳುವುದಿಲ್ಲ. ನಾಲಿಗೆಯೂ ನಿಧಾನ. ಆದರೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾಳೆ, ಕೇಳುವವರಿಗೆ ತಾಳ್ಮೆ ಇರಬೇಕು ಅಷ್ಟೆ. ಬೆಳಗ್ಗೆ ಮಿನಿಬಸ್ಸು ಹತ್ತಿ ಉಣ್ಣೆಗಂಬಳಿ ಮಾಡುವಲ್ಲಿಗೆ ಒಬ್ಬಳೇ ಹೋಗುತ್ತಾಳೆ. ಬಣ್ಣ ಆರಿಸಿ ಜೋಡಿಸುವುದು ಅವಳ ಕೆಲಸ. ಸಂಜೆ ಬಂದು ನಾಸಿಪಾ ಜೊತೆ ಜಗಳ, ಆಲೂಗಡ್ಡೆ ಯಾರು ಸುಲಿಯಬೇಕು, ಕಸ ಯಾರು ಹೊರಗಿಡಬೇಕು ಎಂದು. ನಾಸಿಪಾ ಅದೇ ಮನೆಯ ಇನ್ನೊಂದು ಕೋಣೆಗೆ ಬಂದು ಒಂದೂವರೆ ವರ್ಷವಾಯಿತು. ಓದಲು ಬರೆಯಲು ಬರುವುದಿಲ್ಲ, ಬಾಯಿ ಮಾತ್ರ ಊರಿಗೆಲ್ಲ ಸಾಲುತ್ತದೆ. ಇಬ್ಬರೂ ಕಿತ್ತಾಡುವುದನ್ನು ಕೇಳಿದರೆ ನನಗೆ ಖುಷಿಯಾಗುತ್ತದೆ. ಸಂಸ್ಥೆಯಲ್ಲಿ ಜಗಳವಾಡಲು ಯಾರಿಗೂ ಏನೂ ಸ್ವಂತದ್ದಿರಲಿಲ್ಲವಲ್ಲ.

ಚಹಾದ ಕತೆ ಹೇಳಬೇಕು, ಅದಿಲ್ಲದೆ ಮುಂದಿನದು ನಿಮಗೆ ಅರ್ಥವಾಗದು. ನೀವು ಇಲ್ಲಿಂದ ಹೋದ ವರ್ಷವೇ ಮೇಲಿನ ಮಹಡಿಯ ಬಾತ್ಮಾ ಅಜ್ಜಿಯನ್ನು ಕೆಂಜೆ ತಾನೇ ಹೋಗಿ ಚಹಾಕ್ಕೆ ಕರೆದಳು. ಸಂಸ್ಥೆಯಲ್ಲಿ ಚಹಾ ಬರುತ್ತಿದ್ದುದು ಬಕೆಟ್ಟಿನಲ್ಲಿ. ಸೌಟಿನಿಂದ ಲೋಟದ ಅಂಚಿನವರೆಗೆ ಸುರಿದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅವಳು ಕಂಡದ್ದು ಅಷ್ಟೇ. ಅಜ್ಜಿಗೂ ಬಟ್ಟಲಿನ ಅಂಚಿನವರೆಗೆ ಸುರಿದು ಕೊಟ್ಟಳು. ಅಜ್ಜಿ ಬಟ್ಟಲು ನೋಡಿತು, ಅವಳ ಮುಖ ನೋಡಿತು, ತಲೆವಸ್ತ್ರ ಸರಿಮಾಡಿಕೊಂಡು ಎದ್ದೇಬಿಟ್ಟಿತು. “ಕುಡಿದು ಜಾಗ ಖಾಲಿ ಮಾಡು ಅನ್ನೋಕೆ ನನ್ನನ್ನ ಯಾಕಮ್ಮ ಕರೆದೆ?”

ನಾನು ಮೆಟ್ಟಿಲ ಮೇಲೆ ಅಜ್ಜಿಯ ಹಿಂದೆ ಓಡಿ ವಿಷಯ ಹೇಳಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕು, ವಾಪಸ್ ಬಂದು, ಪಕ್ಕದಲ್ಲಿ ಕೂತು ತಾನೇ ಕಲಿಸಿತು. “ಅರ್ಧಕ್ಕಿಂತ ಕಮ್ಮಿ ಹಾಕು, ಮಗಳೇ. ಮತ್ತೆ ಮತ್ತೆ ಹಾಕಿಕೊಡೋ ಆಸೆ ನಿನಗಿದೆ ಅಂತ ಬಂದವರಿಗೆ ಗೊತ್ತಾಗ್ಬೇಕು. ತುಂಬಿಸಿ ಕೊಟ್ರೆ ಎದ್ದು ಹೋಗು ಅಂದ ಹಾಗೆ.” ಕೆಂಜೆ ಒಂದು ವಾರ ನಾಚಿಕೆಯಿಂದ ಮೇಲಿನ ಮಹಡಿಯತ್ತ ತಲೆಯೆತ್ತಲಿಲ್ಲ. ಆಮೇಲೆ ಹಟ ಹಿಡಿದಳು. ಬಟ್ಟಲು ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸುವ ಉಪಾಯ ಅವಳದೇ. ಬಲಗೈ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ಎಡಗೈಯಲ್ಲಿ ಕೆಟಲು ಬಾಗಿಸುತ್ತಾಳೆ. ಹದ ಸಿಗಲು ಹನ್ನೊಂದು ತಿಂಗಳು ಬೇಕಾಯಿತು. ಹನ್ನೊಂದು ತಿಂಗಳು ಅವಳು ಚೆಲ್ಲಿದಳು, ಒರೆಸಿದಳು, ನಾನು ಎದುರು ಕುಳಿತು ನೋಡಿದೆ.

ಹಬ್ಬದ ಊಟದಲ್ಲಿ ನನ್ನ ಮೈದುನ ಎಲ್ಲರೆದುರು ಕೇಳಿದ, “ಅತ್ತಿಗೆ, ಅವರೇ ಅಡುಗೆ ಮಾಡ್ಕೊಂಡು ಅವರೇ ಬಟ್ಟೆ ಒಗ್ಕೊಂಡ್ರೆ ನಿನಗ್ಯಾಕೆ ಸಂಬಳ? ಸುಮ್ನೆ ಕೂತಿರೋದಕ್ಕಾ?”

“ಹೂಂ, ನೀನೂ ದಿನವೆಲ್ಲ ಅದನ್ನೇ ಮಾಡ್ತೀಯ, ಪಾಪ ನಿನಗೆ ಯಾರೂ ಕೊಡಲ್ಲ ನೋಡು” ಎಂದೆ. ಅವನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆದರೆ ಅಕ್ಕ, ಆ ಪ್ರಶ್ನೆಯನ್ನು ಊರೇ ಕೇಳುತ್ತದೆ. ನರ್ಸು ಎಂದರೆ ಜನಕ್ಕೆ ಗೊತ್ತು, ಆಯಾ ಎಂದರೆ ಗೊತ್ತು. ಒಬ್ಬರು ತಮ್ಮ ಬಾಗಿಲಿನ ಬೀಗ ತಾವೇ ಹಾಕಿಕೊಳ್ಳುವವರೆಗೆ ಪಕ್ಕದಲ್ಲಿದ್ದು, ಆಮೇಲೆ ಸರಿದು ನಿಲ್ಲುವುದೂ ಒಂದು ಉದ್ಯೋಗ ಎಂದರೆ ಯಾರ ತಲೆಗೂ ಹೋಗುವುದಿಲ್ಲ. ಇಂಥವರ ಬಾಳು ತೀರ್ಮಾನಿಸಲು ಬರುವವರ ತಲೆಗೂ ಹೋಗಿಲ್ಲ ಎನ್ನುವುದೇ ನನ್ನ ಹೊಟ್ಟೆಯುರಿ.

ಮಾರ್ಚ್ ಹದಿನಾಲ್ಕು, ಗುರುವಾರ ಸಮಿತಿ ಬಂತು. ರೋಜಾ ಸಾದಿಕೊವ್ನಾ ಎಂಬ ಅಧ್ಯಕ್ಷೆ, ಒಬ್ಬ ಡಾಕ್ಟರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಬೂಟು ಹಾಕಿಕೊಂಡೇ ಒಳಗೆ ಬಂದರು, ಅಕ್ಕ! ಕೆಸರಿನ ಬೂಟು, ಕೆಂಜೆ ಸ್ವತಃ ಬಣ್ಣ ಆರಿಸಿದ ಕಂಬಳಿಯ ಮೇಲೆ. ನಾಸಿಪಾ ಬಿಡುತ್ತಾಳೆಯೇ? “ಇದೇನು ಬಸ್ ಸ್ಟ್ಯಾಂಡಾ? ಬೂಟು ಬಾಗಿಲಲ್ಲಿ ಬಿಡಿ” ಎಂದಳು. ರೋಜಾ ನನ್ನ ಕಡೆ ತಿರುಗಿ, “ಇವಳಿಗೆ ರೇಗೋ ಕಾಯಿಲೆ ಇದೆಯಾ?” ಎಂದು ಕೇಳಿದಳು. ಬೂಟು ಮಾತ್ರ ಬಿಚ್ಚಲಿಲ್ಲ.

ಕೆಂಜೆಗೆ ಒಂದೇ ಒಂದು ಪ್ರಶ್ನೆ ಹಾಕಲಿಲ್ಲ. ಎಲ್ಲವೂ ನನಗೆ. “ಇವಳಿಗೆ ಊಟ ಯಾರು ತಿನ್ನಿಸ್ತಾರೆ? ಸ್ನಾನ ಯಾರು ಮಾಡಿಸ್ತಾರೆ? ಮುಟ್ಟಾದಾಗ ಯಾರು ನೋಡ್ಕೋತಾರೆ?” ಆ ಇಬ್ಬರು ಗಂಡಸರ ಎದುರು! ಕೆಂಜೆ ಬಾಯಿ ತೆರೆದಳು. “ನನ್ನನ್ನೇ... ಕೇಳಿ. ನಾನು... ಇಲ್ಲೇ...” ಅವಳ ಮಾತು ಮುಗಿಯುವ ಮೊದಲೇ ರೋಜಾ ಅವಳ ಕೆನ್ನೆ ತಟ್ಟಿ, “ಆಯ್ತು ಪುಟ್ಟಿ, ಆಯ್ತು” ಎಂದಳು. ಮೂವತ್ತೊಂದು ವರ್ಷದವಳಿಗೆ ಪುಟ್ಟಿ! ಆಮೇಲೆ ಅವಳ ಕಪಾಟು ತೆಗೆದು ಒಳಉಡುಪು ಎತ್ತಿ ನೋಡಿದಳು. ದಿಂಬಿನ ಕೆಳಗೆ ಕೈ ಹಾಕಿದಳು. “ಗಂಡಸರು ಗಿಂಡಸರು ಬರ್ತಾರಾ?” ಎಂದಳು. ನನ್ನ ನಾಲಿಗೆ ಎಂಥದು ಎಂದು ನಿಮಗೆ ಗೊತ್ತು. ಆದರೂ ತುಟಿ ಕಚ್ಚಿಕೊಂಡು ನಿಂತೆ. ಆ ಹೆಂಗಸಿನ ಒಂದು ಸಹಿಯ ಮೇಲೆ ಕೆಂಜೆಯ ಬಾಳು ನಿಂತಿತ್ತಲ್ಲ.

ಕೊನೆಗೆ, “ಏನಾದ್ರೂ ಮಾಡೋಕೆ ಬರುತ್ತಾ ಇದಕ್ಕೆ? ಚಹಾ ಹಾಕಿಕೊಡಲಿ, ನೋಡೋಣ” ಎಂದಳು. ‘ಇದಕ್ಕೆ’ ಎಂದಳು, ಅಕ್ಕ.

ಕೆಂಜೆ ಒದ್ದೆ ಬಟ್ಟೆ ಹಾಸಿದಳು. ಬಟ್ಟಲುಗಳನ್ನು ಇಟ್ಟಳು. ಡಾಕ್ಟರಿಗೆ ಅರ್ಧಕ್ಕಿಂತ ಕಡಿಮೆ, ಹದವಾಗಿ. ಗುಮಾಸ್ತನಿಗೂ ಹಾಗೆಯೇ. ಮೂರನೆಯ ಬಟ್ಟಲಿಗೆ ಸುರಿಯತೊಡಗಿದಳು, ಸುರಿಯುತ್ತಲೇ ಇದ್ದಳು. ಅಂಚಿಗೆ ಬಂದಾಗ ನಿಲ್ಲಿಸಿದಳು. ಒಂದು ಹನಿಯೂ ಆಚೆ ಬೀಳಲಿಲ್ಲ. ರೋಜಾಳ ಕಣ್ಣಲ್ಲಿ ಕಣ್ಣಿಟ್ಟು ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದಳು. ಗೊತ್ತಿದ್ದೇ ಕೊಟ್ಟಳು. ಅವಳ ಮನೆ, ಅವಳ ಕೆಟಲು, ಮನೆಯೊಡತಿಯಾದ ಯಾವ ಹೆಂಗಸೂ ಇದಕ್ಕಿಂತ ಸ್ಪಷ್ಟವಾಗಿ ‘ನಡಿ ಆಚೆ’ ಎಂದು ಹೇಳಿರಲಾರಳು. ಡಾಕ್ಟರು ನಗು ನುಂಗಲು ಕೆಮ್ಮಿದರು. ರೋಜಾಳ ಮುಖ ಬೀಟ್ರೂಟಿನ ಹಾಗಾಯಿತು. ಸ್ವಲ್ಪ ಹೊತ್ತಿಗೆ ಎದ್ದು ಹೋದರು.

ಹನ್ನೆರಡು ದಿನದ ಮೇಲೆ ಕಾಗದ ಬಂತು. ಮೂರು ಸಾಲು. ‘ಅತಿಥಿಗಳೊಡನೆ ನಡೆದುಕೊಳ್ಳುವ ಸಾಮಾನ್ಯ ತಿಳಿವಳಿಕೆ ಇಲ್ಲ. ಸಹಾಯಕಿಯ ನೆರವಿಲ್ಲದೆ ಚಹಾ ಕೂಡ ಹಾಕಿಕೊಡಲಾರಳು. ಹಿಂದಿನ ಸಂಸ್ಥೆಗೆ ಮರಳಿಸುವುದು ಸೂಕ್ತ.’ ತಿಳಿವಳಿಕೆಯ ಮಾತು ಬೂಟು ಬಿಚ್ಚದವರ ಬಾಯಲ್ಲಿ! ಅತಿಥಿಗಳಂತೆ! ಇನ್ನೊಬ್ಬರ ದಿಂಬಿನ ಕೆಳಗೆ ಕೈ ಹಾಕುವವರಿಗೆ ನಮ್ಮಲ್ಲಿ ಬೇರೆ ಹೆಸರಿದೆ. ನಾನು ಅದೇ ದಿನ ಅವರ ಕಚೇರಿಗೆ ಹೋದೆ. ಎರಡು ಗಂಟೆ ಬಾಗಿಲಲ್ಲಿ ನಿಲ್ಲಿಸಿದರು. ಒಳಗೆ ಬಿಟ್ಟ ಮೇಲೆ ಹೇಳಿದೆ, “ಸಿಟ್ಟು ಬಂದವಳು ಸಿಟ್ಟು ತೋರಿಸಿದಳು, ಅದೂ ಎಷ್ಟು ಮರ್ಯಾದೆಯಾಗಿ. ಅದು ಬುದ್ಧಿ ಇಲ್ಲದ್ದಕ್ಕೆ ಸಾಕ್ಷಿನಾ? ಬೇರೆ ಯಾರಾದ್ರೂ ಹಾಗೆ ತುಂಬಿಸಿ ಕೊಟ್ಟಿದ್ರೆ ಅವಮಾನ ಮಾಡಿದ್ರು ಅಂತಿದ್ರಿ. ಇವಳು ಕೊಟ್ರೆ ಗೊತ್ತಾಗಲ್ಲ ಅಂತೀರ!”

ರೋಜಾ ಕಡತದಿಂದ ತಲೆಯೆತ್ತಲಿಲ್ಲ. “ನಾವು ಕಂಡಿದ್ದನ್ನ, ಕೇಳಿದ್ದನ್ನ ಬರೆದಿದ್ದೀವಿ. ಕೋರ್ಟಿಗೆ ಹೋಗಿ.”

ಹೋಗುತ್ತೇವೆ. ಅದಕ್ಕೇ ಈ ಕಾಗದ. ಅಕ್ಕ, ನೀವು ಬರಬೇಕು. ಸಂಸ್ಥೆಯಲ್ಲಿ ಅವಳು ಹೇಗಿದ್ದಳು ಎಂದು ನ್ಯಾಯಾಧೀಶರ ಎದುರು ಹೇಳಬಲ್ಲವರು ನೀವೊಬ್ಬರೇ. ಹತ್ತೊಂಬತ್ತು ವರ್ಷ ಅವಳ ಕೈಗೆ ಯಾರೂ ಒಂದು ಚಮಚ ಕೊಟ್ಟಿರಲಿಲ್ಲ ಎಂದು ಹೇಳಿ. ಮಂಡಿ ನೋಯುತ್ತದೆ ಎಂದು ಗೊತ್ತು. ಅಳಿಯನಿಗೆ ಹೇಳಿ ಮುಂದಿನ ಸೀಟು ಹಿಡಿಯಿರಿ, ಬಾತ್ಮಾ ಅಜ್ಜಿ ನಿಮಗಾಗಿ ಹಾಸಿಗೆ ಸಿದ್ಧ ಮಾಡಿದೆ. ನಾಸಿಪಾಳನ್ನೂ ಸಾಕ್ಷಿಗೆ ಕರೆಯಬೇಕೆಂದು ಅವಳೇ ಹಟ ಮಾಡುತ್ತಿದ್ದಾಳೆ. “ಬೂಟಿನ ವಿಷಯ ನಾನೇ ಹೇಳ್ತೀನಿ” ಅನ್ನುತ್ತಾಳೆ.

ದೇವರು ನಿಮಗೆ ಆರೋಗ್ಯ ಕೊಡಲಿ, ನಿಮ್ಮ ಮೊಮ್ಮಕ್ಕಳ ಕಾಲಿಗೆ ಮುಳ್ಳೂ ತಾಗದಿರಲಿ. ಈ ಕಾಗದದ ಜೊತೆ ಒಂದು ಚೀಲ ಒಣಮೊಸರಿನ ಉಂಡೆ ಕಳಿಸಿದ್ದೇನೆ, ಹಲ್ಲು ಹುಷಾರು.

ನಿಮ್ಮ,
ಝೂರಾ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಉತ್ತರ ಬರೆಯಲಿಲ್ಲ ಎಂದೆ. ಅದೂ ಪೂರ್ತಿ ನಿಜವಲ್ಲ. ‘ಸಹಾಯಕಿಯ ನೆರವಿಲ್ಲದೆ’ ಎಂದು ಅವರು ಬರೆದದ್ದು ಸುಳ್ಳಲ್ಲ, ಅಕ್ಕ. ಆ ಸಹಾಯಕಿ ನಾನು. ಕೆಂಜೆ ಬಟ್ಟಲು ಮುಂದೆ ತಳ್ಳಿದಳು, ರೋಜಾಳ ಮುಖ ಕೆಂಪಾಯಿತು. ಎಲ್ಲ ಕೆಟ್ಟಿತು, ಸಹಿ ಹೋಯಿತು ಎಂದುಕೊಂಡೆ. ಕೈ ಚಾಚಿ ಆ ಬಟ್ಟಲನ್ನು ಎಳೆದುಕೊಂಡೆ. ಅವಳ ಎಡಗೈಯಿಂದ ಕೆಟಲನ್ನೂ ಕಿತ್ತುಕೊಂಡೆ. ಅರ್ಧ ಚಹಾ ಚೆಲ್ಲಿ, ಎರಡೂ ಕೈಯಲ್ಲಿ ಹಿಡಿದು ರೋಜಾಗೆ ಕೊಟ್ಟೆ. “ತಪ್ಪು ತಿಳೀಬೇಡಿ. ಪಾಪ, ಇವಳಿಗೆ ಗೊತ್ತಾಗಲ್ಲ” ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಗುಮಾಸ್ತ ಅದನ್ನೇ ಬರೆದುಕೊಂಡ.

ನಡೆದದ್ದನ್ನೆಲ್ಲ ನ್ಯಾಯಾಲಯಕ್ಕೆ ಬರೆದು ಸಹಿ ಮಾಡಿದ್ದೇನೆ. ನಮ್ಮ ನಿರ್ದೇಶಕ ತಲಾಯ್, “ಇದನ್ನ ಕೊಟ್ರೆ ನಿನ್ನ ಕೆಲಸ ಹೋಗುತ್ತೆ, ಝೂರಾ” ಎಂದ. ಹೋಗಲಿ. ನನಗೆ ನಿದ್ದೆ ಕೆಡಿಸಿರುವುದು ಅದಲ್ಲ. ಅವರು ಹೋದ ಮೇಲೆ ಬಟ್ಟಲು ತೊಳೆಯುತ್ತ ಕೆಂಜೆ ಹೇಳಿದಳು, ಎಂದಿಗಿಂತ ನಿಧಾನವಾಗಿ, “ಅವಳು ಅಂದಾಗ ನಂಗೆ ಸಿಟ್ಟು ಬಂತು. ನೀನು ಅಂದಾಗ... ಹೌದೇನೋ ಅನ್ನಿಸ್ತು.”

ಅವತ್ತಿನಿಂದ ಅವಳು ಏನು ಮಾಡುವ ಮೊದಲೂ ನನ್ನ ಮುಖ ನೋಡುತ್ತಾಳೆ. ಇವತ್ತು ಬೆಳಗ್ಗೆ ಕಿಟಕಿ ತೆರೆಯಲೂ ನನ್ನನ್ನು ಕೇಳಿದಳು.