ಗೇಟಿನ ಹೊರಗೆ ಕೂತವಳು

ಈಜುಕೊಳದ ಮ್ಯಾನೇಜರರಿಗೆ ನಮಸ್ಕಾರ.

ನಾನು ಆನ್ಸಿಲ್ಲಾಳ ತಾಯಿ. ಹದಿನಾರು ತುಂಬದ ಮಕ್ಕಳು ಈಜುವಾಗ ಮನೆಯ ಹಿರಿಯರೊಬ್ಬರು ಕೊಳದ ಬಳಿಯೇ ಇರಬೇಕೆಂಬ ನಿಯಮಕ್ಕೆ ಸಹಿ ಹಾಕಿದವಳು ನಾನೇ. ಆದರೆ ನಿನ್ನೆ ಕಾಲು ಸೆಳೆತ ಬಂದು ಅವಳು ಮುಳುಗಿದಾಗ ನಾನು ಗೇಟಿನ ಹೊರಗಿದ್ದೆ. ನಿಮ್ಮ ಕೋಚ್ ಅವಳನ್ನು ಮೇಲೆತ್ತಿ, "ನೀವು ಎಂತಕ್ಕೆ ಹೊರಗೆ ಕೂತದ್ದು?" ಎಂದು ಕೇಳಿದರು. ಅದಕ್ಕೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳ ಅಪ್ಪ ಕಾಪುವಿನ ಕಡಲಲ್ಲಿ ಮುಳುಗಿ ತೀರಿಕೊಂಡಂದಿನಿಂದ ನೀರು ಕಂಡರೆ ಕಣ್ಣು ಮುಚ್ಚಿಕೊಂಡುಬಿಡುತ್ತೇನೆ, ಅದಕ್ಕೇ ಹೊರಗೆ ಕೂತದ್ದು. ಮಗಳಿಗಾದರೂ ಈಜು ಬರಲಿ ಎಂದೇ ಸೇರಿಸಿದ್ದು.

ದಯವಿಟ್ಟು ಅವಳ ಪಾಸ್ ರದ್ದು ಮಾಡಬೇಡಿ. ನಾಳೆಯಿಂದ ಒಳಗೇ ಕೂರುತ್ತೇನೆ. ಗೋಡೆಗೆ ತಾಗಿಸಿ ಒಂದು ಕುರ್ಚಿ ಹಾಕಿಸಿಕೊಡಿ. ನಾನು ಕಣ್ಣು ಮುಚ್ಚಿಕೊಂಡದ್ದು ಕಂಡರೆ ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ.

ಇತಿ,
ಬರ್ತಾ, ಅಂಬಲಪಾಡಿ