ಉಗಿ ಹೋಗುವ ದಾರಿ

ದೋಹಾ, ಕತಾರ್
ಗುರುವಾರ, 12-12-1996

ಪ್ರೀತಿಯ ದಾಕ್ಷಾಯಣಿಗೆ,

ನಿನ್ನ ಪತ್ರ ಕೈಸೇರಿ ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಎಷ್ಟು ಬೈದುಕೊಂಡರೂ ಅದು ನಿನ್ನ ಹಕ್ಕು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಈ ಐದನೆಯದನ್ನು ಹರಿಯುವಂತಿಲ್ಲ. ನಮ್ಮೂರ ನಿಂಗರಾಜ ನಾಳೆ ರಜೆಗೆ ಹೊರಟಿದ್ದಾನೆ, ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಪತ್ರ ಒಯ್ಯಲು ಬರುತ್ತಾನೆ. ಮುಂಬಯಿಯಲ್ಲಿ ಇಳಿದು ಬಸ್ಸು ಹಿಡಿದರೆ ಭಾನುವಾರ ಮುಂಜಾನೆ ಲಕ್ಷ್ಮೇಶ್ವರ ಮುಟ್ಟುತ್ತಾನೆ. ಟಪಾಲಿಗೆ ಹಾಕಿದರೆ ಹನ್ನೆರಡು ದಿನ ಬೇಕು. ಅಷ್ಟರೊಳಗೆ ನೀವು ನೀಲಕ್ಕನನ್ನು ಮನೆಯಿಂದ ಕಳಿಸಿಬಿಟ್ಟಿರುತ್ತೀರಿ. ಹದಿನಾರನೇ ತಾರೀಕು ಸೋಮವಾರ ಕಳಿಸುವುದು ಖಾತ್ರಿ ಎಂದು ಅಣ್ಣ ಹೋದ ಶುಕ್ರವಾರ ಫೋನಿನಲ್ಲಿ ಹೇಳಿದ್ದಾನೆ.

ನೇತ್ರಾಳ ತೋಳಿನ ಪಟ್ಟಿ ಬಿಚ್ಚಿದರೇ? ಚರ್ಮ ಬಿಗಿದುಕೊಳ್ಳದಂತೆ ದಿನಾ ಕೈ ಮಡಚಿ ಬಿಡಿಸಲಿ. ಅಳುತ್ತಾಳೆಂದು ಬಿಡಬೇಡ. ಹಚ್ಚುವ ಮುಲಾಮು ಮೂರು ಟ್ಯೂಬು ಕಳಿಸಿದ್ದೇನೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಹೊಸ ಬಾಯ್ಲರ್ ಯಾವುದು ತರುವುದು? ಬಸ್‌ಸ್ಟ್ಯಾಂಡಿನ ಅಂಗಡಿಯವನು ಹೊಗಳುವ ಗ್ಯಾಸ್ ಗೀಸರ್ ಖಂಡಿತ ಬೇಡ. ನಮ್ಮ ಬಚ್ಚಲಮನೆಗೆ ಇರುವುದು ಒಂದೇ ಬೆಳಕಿಂಡಿ, ಅದಕ್ಕೂ ನೀನು ಗಾಜು ಹಾಕಿಸಿದ್ದೀ. ಬಾಗಿಲು ಮುಚ್ಚಿಕೊಂಡು ಗ್ಯಾಸು ಉರಿಸಿದರೆ ಒಳಗಿನ ಗಾಳಿಯೇ ವಿಷವಾಗುತ್ತದೆ. ಅದಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ, ಅಷ್ಟೇ.

ಎರಡನೆಯದು ನಿನ್ನ ಆಸೆಯ ಕರೆಂಟಿನ ಗೀಸರ್. 'ಗಲ್ಫಿನ್ಯಾಗ ಇದ್ದು ಒಂದು ಗೀಸರ್ ಕಳಸಾಕ ಆಗೂದಿಲ್ಲೇನು ಅಂತ ಮಂದಿ ಕೇಳ್ತಾರ್ರಿ' ಎಂದು ಬರೆದಿದ್ದೀ. ಮಂದಿ ಕೇಳಲಿ. ಅಲ್ ಮನ್ಸೂರಾದಲ್ಲಿ ನಮ್ಮ ಕೋಣೆಯ ಕೆಳಗೇ ಅಂಗಡಿ ಇದೆ, ಎರಡು ಸಲ ಹೋಗಿ ಮುಟ್ಟಿ ನೋಡಿ ಬಂದೆ. ಆದರೆ ನಮ್ಮೂರಲ್ಲಿ ಮುಂಜಾನೆ ಸ್ನಾನದ ಹೊತ್ತಿಗೇ ಕರೆಂಟು ಹೋಗುತ್ತದೆ. ಗೋಡೆಗೆ ತೂಗುಹಾಕಿ ಕುಂಕುಮ ಹಚ್ಚಬೇಕು. ಇಲ್ಲಿಯ ಕತೆ ಕೇಳು. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಆಗ ನಾವು ಗೀಸರಿನ ಸ್ವಿಚ್ ಆರಿಸಿ, ಅದರೊಳಗೆ ನಿಂತು ತಣಿದ ನೀರಿನಲ್ಲಿ ಸ್ನಾನ ಮಾಡುತ್ತೇವೆ. ನಮಗೆ ಗೀಸರ್ ಬೇಕಾಗುವುದು ತಣ್ಣೀರಿಗೆ. ನಗು ಬಂದರೆ ಈಗಲೇ ನಕ್ಕುಬಿಡು, ಮುಂದೆ ನಗುವಂಥದ್ದು ಏನೂ ಇಲ್ಲ.

ಮೂರನೆಯದು ಅಣ್ಣನ ಮಾತು: ಅಪ್ಪ ತಂದಂಥದ್ದೇ ತಾಮ್ರದ ಬಾಯ್ಲರ್, ಕಟ್ಟಿಗೆ ಒಲೆಯದ್ದು, ಮತ್ತೊಂದು ಮಾಡಿಸುವುದು. ಹಳೆಯದು ಇಪ್ಪತ್ತಾರು ವರ್ಷ ನಡೆಯಿತು. ಅಷ್ಟು ವರ್ಷದಲ್ಲಿ ಯಾರ ಉಗುರನ್ನೂ ಸುಟ್ಟಿರಲಿಲ್ಲ. ನಾಲ್ಕೂ ಪತ್ರ ನಾನು ಹರಿದದ್ದು ಈ ಸಾಲಿಗೆ ಬಂದ ಮೇಲೆ.

ನೀನು ಬರೆದದ್ದು ಇಷ್ಟು. ಆ ಮುಂಜಾನೆ ನೀಲಕ್ಕ ನೀರಿನ ವಾಲ್ವ್ ಮುಚ್ಚಿ ಒಲೆ ಹಚ್ಚಿದಳು. ಬಾಯ್ಲರಿನ ಬೆಸುಗೆ ಬಿಚ್ಚಿ ಕುದಿನೀರು ಸಿಡಿದು ನೇತ್ರಾಳ ತೋಳಿಗೆ ಬಿತ್ತು. 'ಎಂಟು ವರ್ಷದ ಕೂಸಿನ ಕೈ ಸುಟ್ಟಾಳ. ಇನ್ನ ಆ ಕೈಲೆ ನನ್ನ ಮಗಳಿಗೆ ನೀರು ಹಾಕಸೂದಿಲ್ಲ' ಎಂದಿದ್ದೀ. ತಾಯಿಯ ಸಿಟ್ಟು, ತಪ್ಪು ಅನ್ನಲಾರೆ. ಅಣ್ಣ ಅದನ್ನೇ ಹಿಡಿದುಕೊಂಡು ಅವಳನ್ನು ನರಗುಂದದ ದಾಯಾದಿಗಳ ಮನೆಗೆ ದಾಟಿಸಲು ಹೊರಟಿದ್ದಾನೆ. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಎಲ್ಲರಿಗಿಂತ ಮೊದಲು ಎದ್ದು ಆ ಬಚ್ಚಲೊಲೆ ಹಚ್ಚಿದವಳು ನನ್ನ ಅಕ್ಕ. ಈಗ ಮಂದಿಯ ಮನೆಯ ಮೂಲೆಯಲ್ಲಿ ಕೂಡಬೇಕು.

ಪ್ಲಾಂಟಿನಲ್ಲಿ ನನ್ನ ಜೊತೆ ವಲೇರಿಯನ್ ಎಂಬವರಿದ್ದಾರೆ, ಉಡುಪಿ ಕಡೆಯವರು, ಸೇಫ್ಟಿ ವಿಭಾಗದ ಕ್ಲಾರ್ಕು. ಅಪಘಾತದ ವರದಿಗಳನ್ನು ಬರೆದು ಬರೆದು ಅವರ ಕಣ್ಣು ಚುರುಕಾಗಿದೆ. ಮೊನ್ನೆ ಸೋಮವಾರ ಪ್ಲಾಂಟಿಗೆ ಹೋಗುವ ಬಸ್ಸಿನಲ್ಲಿ ಈ ಸಂಗತಿಯನ್ನು ನಮ್ಮೂರಲ್ಲಿ ಯಾರದೋ ಮನೆಯಲ್ಲಿ ನಡೆದದ್ದು ಎಂಬಂತೆ ಅವರಿಗೆ ಹೇಳಿದೆ. ಪೂರ್ತಿ ಕೇಳಿ, "ಆ ಹೆಂಗಸು ವಾಲ್ವ್ ಬಂದ್ ಮಾಡಿದ್ದು ಬಿಡಿ ಮಾರಾಯ್ರೆ. ವಾಲ್ವ್ ಇರೂದೇ ಬಂದ್ ಮಾಡ್ಲಿಕ್ಕೆ. ಉಗಿ ಹೋಗುವ ದಾರಿ ಬಂದ್ ಮಾಡಿದ್ದು ಯಾರು, ಅದು ಹೇಳಿ" ಅಂದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಬಂದ್ ಮಾಡಿದವನು ನಾನು, ದಾಕ್ಷಾಯಣಿ.

ಹೋದ ಏಪ್ರಿಲ್ ರಜೆಯಲ್ಲಿ ಅಕ್ಕ ಕೊಡ ಹೊತ್ತು ಬಾಯ್ಲರ್ ತುಂಬಿಸುವುದನ್ನು ನೋಡಲಾಗದೆ ಮಾಳಿಗೆಯ ಟ್ಯಾಂಕಿನಿಂದ ಪೈಪು ಎಳೆದು ವಾಲ್ವ್ ಕೂಡಿಸಿದೆನಲ್ಲ. ಬಾಯ್ಲರಿನ ಭುಜದ ಮೇಲೆ ಬೆರಳು ಗಾತ್ರದ ಒಂದು ಕೊಳವೆ ಇತ್ತು, ಉಗಿ ಹೋಗಲಿಕ್ಕೆ. ಟ್ಯಾಂಕು ಎತ್ತರದಲ್ಲಿ ಇದ್ದುದರಿಂದ ಆ ಕೊಳವೆಯಿಂದ ದಿನವಿಡೀ ನೀರು ಸುರಿಯತೊಡಗಿತು. ಕೊಳವೆಯನ್ನು ಟ್ಯಾಂಕಿಗಿಂತ ಮೇಲಕ್ಕೆ ಏರಿಸಬೇಕಿತ್ತು. ರಜೆ ಎರಡೇ ದಿನ ಉಳಿದಿತ್ತು. ಹಿತ್ತಾಳೆಯ ಪ್ಲಗ್ ಒಂದನ್ನು ತಿರುಗಿಸಿ ಅದರ ಬಾಯಿ ಬಿಗಿದುಬಿಟ್ಟೆ. ವಾಲ್ವ್ ತೆರೆದಿರುವಷ್ಟು ದಿನ ಬಿಸಿಯಾಗಿ ಹಿಗ್ಗಿದ ನೀರು ಹಿಂದಕ್ಕೆ ಟ್ಯಾಂಕಿನ ಕಡೆ ಸರಿಯುತ್ತಿತ್ತು. ಅದನ್ನು ಮುಚ್ಚಿದ ದಿನ ಎಲ್ಲಿಗೂ ದಾರಿ ಇಲ್ಲ. ಒಲೆ ಉರಿಯುವಾಗ ವಾಲ್ವ್ ಮುಟ್ಟಬೇಡ ಎಂದಾದರೂ ಹೇಳಿ ಬರಬೇಕಿತ್ತು. ಹೇಳಲಿಲ್ಲ. ಪೈಪಿನ ಸಂದಿನಲ್ಲಿ ನೀರು ತೊಟ್ಟಿಕ್ಕಿದರೆ ಯಾರಾದರೂ ವಾಲ್ವ್ ಮುಚ್ಚುತ್ತಾರೆ. ನೀನಾಗಿದ್ದರೂ ಮುಚ್ಚುತ್ತಿದ್ದಿ.

ಇಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ಬಾಯ್ಲರ್ ನನ್ನ ವಶದಲ್ಲಿದೆ. ಸೇಫ್ಟಿ ವಾಲ್ವ್ ಪರೀಕ್ಷೆಯಾಗದೆ ಬೆಂಕಿ ಹಚ್ಚುವಂತಿಲ್ಲ. ಹೊಸ ಹುಡುಗರಿಗೆ ಅದನ್ನು ಕಲಿಸುವವನೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನ್ನ ಮಗಳ ತೋಳಿನ ಮೇಲೆ ಜನ್ಮವಿಡೀ ಉಳಿಯುವ ಕಲೆಗೆ ಕಾರಣ ನಾನು. ಇದನ್ನು ಬರೆದ ಮೇಲೆ ನೀನು ನನ್ನನ್ನು ಹೇಗೆ ನೋಡುತ್ತೀ ಎಂದು ಹೆದರಿಕೆಯಾಗುತ್ತದೆ.

ನಂಬಿಕೆ ಬಾರದಿದ್ದರೆ ಹಿತ್ತಲಲ್ಲಿ ಬಿದ್ದಿರುವ ಹಳೆಯ ಬಾಯ್ಲರನ್ನು ಗುಜರಿಗೆ ಹಾಕುವ ಮೊದಲು ಹೋಗಿ ನೋಡು. ಬಲಭುಜದಲ್ಲಿ ಪ್ಲಗ್ ಇನ್ನೂ ಇರಬೇಕು. ಅಣ್ಣನನ್ನೂ ಕರೆದು ತೋರಿಸು. ಆಮೇಲೆ ಈ ಪತ್ರವನ್ನು ಅವನ ಮುಂದೆ ಮೊದಲಿನಿಂದ ಕೊನೆಯವರೆಗೆ ಓದು, ನನ್ನ ಮಾನ ಉಳಿಸಲು ಒಂದು ಸಾಲನ್ನೂ ಬಿಡಬೇಡ.

ಇನ್ನು ಹೊಸದು ಯಾವುದು? ಅದನ್ನು ಅಂಗಡಿಯವನೂ ಆರಿಸುವುದು ಬೇಡ, ಅಣ್ಣನೂ ಬೇಡ, ನಾನಂತೂ ಬೇಡವೇ ಬೇಡ. ಒಲೆಯ ಮುಂದೆ ಕೂಡುವವಳು ಅಕ್ಕ, ಅವಳನ್ನು ಕೇಳು. ತಾಮ್ರದ ಬಾಯ್ಲರ್ ಅಂದರೆ ಅದು, ಬಾಯಿ ತೆರೆದ ಹಂಡೆ ಅಂದರೆ ಹಂಡೆ. ಒಲೆಯನ್ನೇ ಮುಟ್ಟುವುದಿಲ್ಲ ಅಂದರೂ ಅದು ಅವಳ ಇಷ್ಟ, ಬಚ್ಚಲಿಗೆ ನೀವು ನೀರು ಕಾಸಿಕೊಳ್ಳಿ. ಆದರೆ ಅವಳು ಇರುವುದು ಆ ಮನೆಯಲ್ಲೇ.

ಅಣ್ಣನಿಗೆ ನಮಸ್ಕಾರ. ನೇತ್ರಾಳ ಸುಡದ ಕೈಗೊಂದು, ಸುಟ್ಟ ಕೈಗೆ ಎರಡು ಮುತ್ತು. ನಿನಗೆ ಏನು ಹಾರೈಸಲಿ? ಸಿಟ್ಟು ಮುಗಿಯುವವರೆಗೆ ಸಿಟ್ಟಾಗಿರು, ಆಮೇಲೆ ಒಂದು ಸಾಲು ಬರೆ.

ನಿನ್ನ
ಪ್ರಭುಲಿಂಗ

ವಿ.ಸೂ.: ನಿಂಗರಾಜ ಬಂದು ಚಹಾ ಕುಡಿಯುತ್ತ ಕೂತಿದ್ದಾನೆ, 'ಯಲ್ಲಾ, ಲಗೂನ ಮುಗಸ್ರಿ' ಅನ್ನುತ್ತಾನೆ. ಒಂದು ಮಾತು ಉಳಿದಿದೆ. ಪ್ಲಗ್ ಬಿಗಿದ ದಿನ ಅಕ್ಕ ಪಕ್ಕದಲ್ಲೇ ನಿಂತಿದ್ದಳು. 'ತಮ್ಮಾ, ಇದರ ಬಾಯಿ ಮುಚ್ಚಿದರ ಉಗಿ ಎಲ್ಲಿಂದ ಹೋಗಬೇಕೋ?' ಎಂದು ಕೇಳಿದ್ದಳು. ನಾನು ನಕ್ಕಿದ್ದೆ. ಹೋದ ಶುಕ್ರವಾರ ನೀವೆಲ್ಲ ಮಾತಾಡಿದ ಮೇಲೆ ಫೋನು ಅವಳ ಕೈಗೆ ಬಂತಲ್ಲ, ಆಗ ಅವಳು ದನಿ ತಗ್ಗಿಸಿ ಅಂದದ್ದು ಇದು: 'ಪ್ಲಗ್ಗಿನ ಮಾತು ಯಾರ ಮುಂದೂ ಎತ್ತಬ್ಯಾಡ. ನೀ ಹೇಣ್ತಿ ಮುಂದ, ಮಗಳ ಮುಂದ ಸಣ್ಣಾಂವ ಆಗಬಾರದು. ನನಗೇನಪಾ, ಎಲ್ಲಿದ್ದರೂ ನಡೀತದ. ನಾನಽ ಮಾಡೇನಿ ಅಂತ ಹೇಳಿಬಿಟ್ಟೇನಿ.' ನಾನು ಬೇಡ ಅನ್ನಲಿಲ್ಲ, ದಾಕ್ಷಾಯಣಿ. 'ಹೂಂ' ಅಂದೆ. ಆಮೇಲೆ ಅವಳು 'ಉಂಡಿಯೇನೋ?' ಎಂದು ಕೇಳಿದಳು. ಅದಕ್ಕೂ ಹೂಂ ಅಂದೆ.