ಬೋಳು ತಲೆಯ ಬೋಲ್ಟುಗಳು

೧೪ ಮಾರ್ಚ್ ೧೯೮೪, ಬುಧವಾರ. ಮಾನ್ವಿ.

ಸಂತೆಕಟ್ಟೆಯ ಹೊಸ ಉಕ್ಕಿನ ಚಾವಣಿಯನ್ನು ನಾನು ನಂಬಲಾರೆ. ಗಟ್ಟಿ ಉಕ್ಕಿನ ಬೋಲ್ಟಾದರೆ ತಲೆಯ ಮೇಲೆ ಅದರ ಬಲದ ಅಂಕಿ ಒತ್ತಿರಬೇಕು. ಕೈಗೆಟಕುವ ಬೋಲ್ಟುಗಳಿಗೆಲ್ಲ ಅಂಕಿಯಿದೆ. ಇಂದು ಏಣಿ ಹತ್ತಿ ಮೇಲಿನ ಜೋಡಣೆಗಳ ಬಣ್ಣ ಕೆರೆದು ನೋಡಿದೆ. ಒಂದಕ್ಕೂ ಇಲ್ಲ, ಎಲ್ಲ ಬೋಳು.

"ಪುಸ್ತಕ ಎಲ್ಲಾ ಮುಗದಾವೇನ್ರೀ ಮಾಸ್ತರ, ಬೋಲ್ಟ್ ಓದಾಕತ್ತೀರಿ?" ಎಂದು ಗುತ್ತಿಗೆದಾರ ನಕ್ಕ. ಹಳೆಯ ಚಾವಣಿ ಕಟ್ಟಿದವನೂ, ಅದು ಕುಸಿಯುವ ಮುಂಚೆ, ಹೀಗೇ ನಗುತ್ತಿದ್ದ.

ಅಲ್ಲಿ ಬಳೆ ಮಾರುವ ಹೀರಾಬಿಗೆ, ನಾಳೆ ಹೊರಗೆ ಕೂಡು ಎಂದೆ. "ಬಿಸಲಾಗ ಕುಂತ್ರ ಸಾಯೋದು ಖರೇ ಅದ ರೀ. ಒಳಗ ಕುಂತ್ರ ಬರೇ ನಿಮ್ಮ ಅನುಮಾನ," ಎಂದಳು.

ಈಗ ಗಾಳಿ ಎದ್ದಿದೆ. ಬೀಳುವುದಿದ್ದರೆ ಇಂದು ರಾತ್ರಿಯೇ, ಅಡಿಯಲ್ಲಿ ಯಾರೂ ಇಲ್ಲದಾಗಲೇ ಬೀಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ.